ವೈಯಕ್ತಿಕ ಪಿಂಚಣಿ ಯೋಜನೆ (ಕೆನಡಾ)

ಸ್ವಂತ ಕಂಪನಿಯ ಮಾಲೀಕರಿಗೆ ಹಾಗೂ ಕಂಪನಿಯಾಗಿ ನೋಂದಾಯಿಸಿಕೊಂಡು ವೃತ್ತಿ ನಡೆಸುವ ವೈದ್ಯರು, ದಂತವೈದ್ಯರು, ವಕೀಲರಿಗೆ ಕೆನಡಾದಲ್ಲಿ ಲಭ್ಯವಿರುವ ನಿಶ್ಚಿತ ಮೊತ್ತದ ಪಿಂಚಣಿ ವ್ಯವಸ್ಥೆ. ಸಾಮಾನ್ಯವಾಗಿ ಸದಸ್ಯರು ಒಬ್ಬರೇ. ಅದೇ ಕಂಪನಿಯಲ್ಲಿ ಸಂಬಳಕ್ಕೆ ದುಡಿಯುವ ಗಂಡ ಅಥವಾ ಹೆಂಡತಿಯನ್ನೂ ಸೇರಿಸಿಕೊಳ್ಳಬಹುದು.

ಸೇವೆಯ ಪ್ರತಿ ವರ್ಷಕ್ಕೆ ಸಂಬಳದ ಗರಿಷ್ಠ ಶೇ. 2ರಷ್ಟು ಪಿಂಚಣಿ, ಕಾನೂನಿನ ವಾರ್ಷಿಕ ಮಿತಿಯೊಳಗೆ, ಜಮೆಯಾಗುತ್ತದೆ. ಅದಕ್ಕೆ ಬೇಕಾದ ವಂತಿಗೆಯನ್ನು ಆಕ್ಚುಯರಿ (ಪಿಂಚಣಿ, ವಿಮೆಗಳ ಲೆಕ್ಕದ ತಜ್ಞರು) ಲೆಕ್ಕ ಹಾಕುತ್ತಾರೆ, ಕಂಪನಿ ಕಟ್ಟಿ ತೆರಿಗೆಯಲ್ಲಿ ಖರ್ಚು ತೋರಿಸುತ್ತದೆ. ವಯಸ್ಸಾದಂತೆ ಹಣ ಬೆಳೆಯಲು ಉಳಿದ ಕಾಲ ಕಡಿಮೆ. ಹಾಗಾಗಿ ವಂತಿಗೆಯ ಮಿತಿ ಏರುತ್ತದೆ. ಆದರೆ ವ್ಯಕ್ತಿಗಳು ತಾವೇ ಹಣ ಕಟ್ಟುವ ನೋಂದಾಯಿತ ನಿವೃತ್ತಿ ಉಳಿತಾಯ ಯೋಜನೆಯಲ್ಲಿ ಯಾವ ವಯಸ್ಸಿಗೂ ಹಿಂದಿನ ವರ್ಷದ ದುಡಿಮೆಯ ಶೇ. 18ರ ಮಿತಿ ಒಂದೇ, ಅದಕ್ಕೂ ಒಂದು ಗರಿಷ್ಠ ಮೊತ್ತವಿದೆ. ಐವತ್ತು ದಾಟಿದವರಿಗೆ ಈ ವ್ಯತ್ಯಾಸ ದೊಡ್ಡದು. ಪಿಂಚಣಿ ಯೋಜನೆಯ ವಂತಿಗೆಯ ಲೆಕ್ಕಕ್ಕೆ ನಿಯಮವೇ ಗೊತ್ತುಮಾಡಿದ ಗಳಿಕೆ ದರ ಶೇ. 7.5, ಹೂಡಿಕೆ ಅಷ್ಟು ಗಳಿಸದಿದ್ದರೆ ಕಂಪನಿ ಹೆಚ್ಚುವರಿ ಹಣ ತುಂಬಬಹುದು. 1991ರಿಂದೀಚೆಗಿನ ಹಳೆಯ ಸೇವೆಯನ್ನೂ ಸೇರಿಸಲು ಅವಕಾಶವಿದೆ.

ಅನೇಕರು ಎಡವುವುದು ಸಂಬಳದ ವಿಷಯದಲ್ಲಿ. ತೆರಿಗೆ ಹಗುರವಾಗಲೆಂದು ವರ್ಷಗಟ್ಟಲೆ ಲಾಭಾಂಶವನ್ನಷ್ಟೇ ಪಡೆದ ವೈದ್ಯರಿಗೆ, ಲಾಭಾಂಶ ಸಂಬಳವಲ್ಲದ ಕಾರಣ, ಆ ವರ್ಷಗಳು ಪಿಂಚಣಿಯ ಲೆಕ್ಕಕ್ಕೇ ಬರುವುದಿಲ್ಲ. ಇಂಥವರು ಮೊದಲೇ ಸಲಹೆ ಪಡೆಯುವುದು ಅಗತ್ಯ.

ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಆಕ್ಚುಯರಿಯಿಂದ ಯೋಜನೆಯ ಮೌಲ್ಯಮಾಪನ ಆಗಬೇಕು, ಅದರ ಶುಲ್ಕವೂ ಕಂಪನಿಯದೇ. ಸದಸ್ಯರಿಗೆ 71 ತುಂಬುವ ವರ್ಷದ ಕೊನೆಯೊಳಗೆ ಪಿಂಚಣಿ ಆರಂಭವಾಗಬೇಕು.