ಶಿಬಿರದ ಜನರೇಟರ್: ಸದ್ದು ಹುಟ್ಟುವ ಬಗೆ, ತಗ್ಗಿಸುವ ಬಗೆ

ಡೇರೆ ಹಾಕಿ ತಂಗುವ ಶಿಬಿರಗಳಿಗೆ ಹೊತ್ತೊಯ್ಯುವ ಪುಟ್ಟ ಜನರೇಟರುಗಳು ಬಹುಪಾಲು 1ರಿಂದ 3 ಕಿಲೋವ್ಯಾಟ್ ಸಾಮರ್ಥ್ಯದ ಪೆಟ್ರೋಲ್ ಯಂತ್ರಗಳು. ಒಂದೇ ಸಿಲಿಂಡರಿನ, ಗಾಳಿಯಿಂದ ತಣಿಯುವ ನಾಲ್ಕು ಸ್ಟ್ರೋಕ್ ಎಂಜಿನ್ ಆಲ್ಟರ್ನೇಟರನ್ನು ತಿರುಗಿಸಿ ವಿದ್ಯುತ್ತು ಕೊಡುತ್ತದೆ. ಕೊಳವೆಯ ಚೌಕಟ್ಟಿನಲ್ಲಿ ತೆರೆದೇ ಕೂತ ಸಾಮಾನ್ಯ ಮಾದರಿ 7 ಮೀಟರ್ ದೂರದಲ್ಲಿ 65ರಿಂದ 75 ಡೆಸಿಬೆಲ್‌ವರೆಗೆ ಸದ್ದು ಮಾಡುತ್ತದೆ. ಗಾಳಿಯೂ ಕೀಟಗಳೂ ಅಡಗಿದ ಕಾಡಿನ ರಾತ್ರಿ 30 ಡೆಸಿಬೆಲ್‌ಗೂ ಕೆಳಗಿರಬಹುದು. ತೊಂದರೆಯೆಲ್ಲ ಇರುವುದು ಈ ಅಂತರದಲ್ಲಿ. ಪೇಟೆಯ ಬೀದಿಯಲ್ಲಿ ಯಾರ ಗಮನಕ್ಕೂ ಬಾರದ ಯಂತ್ರ ಕಾಡಿನಲ್ಲಿ ಅರ್ಧ ಕಿಲೋಮೀಟರ್ ಆಚೆಗೂ ಕೇಳಿಸುತ್ತದೆ. ಪಕ್ಕದ ಡೇರೆಯವರ ನಿದ್ದೆಗೆ ಮಾತ್ರವಲ್ಲ, ಕಿವಿಯನ್ನೇ ನಂಬಿ ಬೇಟೆಯಾಡುವ ಗೂಬೆಗೂ ಕೂಗಿ ಸಂಗಾತಿಯನ್ನು ಕರೆಯುವ ಕಪ್ಪೆಗೂ ಅದು ಅಡ್ಡಿ.

ಡೆಸಿಬೆಲ್ ಲಾಗರಿದಮ್ ಆಧಾರದ ಮಾಪಕ. 10 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ, ಕಿವಿಗೆ ಮಾತ್ರ ಸದ್ದು ಸುಮಾರು ಅರ್ಧವಾದಂತೆ ತೋರುತ್ತದೆ. 3 ಡೆಸಿಬೆಲ್ ಇಳಿಕೆಯೆಂದರೆ ಶಕ್ತಿ ಅರ್ಧಕ್ಕೆ ಬಂದಂತೆ. ಆದರೂ ಕಿವಿಗದು ಗೊತ್ತಾಗುವುದೇ ಕಷ್ಟ. ಹಾಗಾಗಿ ಒಂದೇ ಉಪಾಯದಿಂದ ಯಂತ್ರ ಮೌನವಾಗುವುದಿಲ್ಲ, ಹಲವು ಸಣ್ಣ ಇಳಿಕೆಗಳು ಕೂಡಬೇಕು. ಅಳತೆಯ ಇನ್ನೊಂದು ಗುಣವನ್ನೂ ತಿಳಿದಿರಬೇಕು. ಶಬ್ದಮಾಪಕಗಳು ಬಳಸುವ ‘ಎ’ ತೂಕ 1,000 ಹರ್ಟ್ಸ್ ಆವೃತ್ತಿಯ ದನಿಯನ್ನು ಇದ್ದಂತೆಯೇ ಲೆಕ್ಕಕ್ಕೆ ಹಿಡಿಯುತ್ತದೆ, 100 ಹರ್ಟ್ಸ್‌ನದನ್ನು 19 ಡೆಸಿಬೆಲ್‌ನಷ್ಟು, 50 ಹರ್ಟ್ಸ್‌ನದನ್ನು 30 ಡೆಸಿಬೆಲ್‌ನಷ್ಟು ಕಳೆದು ಹಿಡಿಯುತ್ತದೆ. ಜನರೇಟರಿನ ಗುಡುಗುಡು ಇರುವುದು ಬಹಳಮಟ್ಟಿಗೆ ಈ ಕೆಳಗಿನ ಶ್ರೇಣಿಯಲ್ಲೇ, ಡೇರೆಯ ಬಟ್ಟೆಯೋ ಅದನ್ನು ತಡೆಯುವುದೇ ಇಲ್ಲ. ಮಾಪಕದಲ್ಲಿ ಒಂದೇ ಅಂಕಿ ತೋರಿಸುವ ಎರಡು ಯಂತ್ರಗಳಲ್ಲಿ ಒಂದು ಮಲಗಿದವರನ್ನು ಹೆಚ್ಚು ಕಾಡುವುದು ಇದರಿಂದ.

ಸದ್ದಿನ ಮೂಲಗಳಲ್ಲಿ ಮೊದಲನೆಯದು ಹೊಗೆಕೊಳವೆ. ಎರಡು ಧ್ರುವದ ಆಲ್ಟರ್ನೇಟರಿನಿಂದ 50 ಹರ್ಟ್ಸ್ ವಿದ್ಯುತ್ತು ಬರಬೇಕಾದರೆ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಬೇಕು, 60 ಹರ್ಟ್ಸ್ ಬಳಸುವ ಅಮೆರಿಕದಲ್ಲಿ 3,600. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. ಎಂದರೆ 3,000 ಸುತ್ತಿನಲ್ಲಿ ಸೆಕೆಂಡಿಗೆ 25 ಸಲ ಬಿಸಿ ಅನಿಲ ಒತ್ತಡದಿಂದ ಹೊರಚಿಮ್ಮುತ್ತದೆ. ಈ 25 ಹರ್ಟ್ಸ್ ಬಡಿತ ಮತ್ತು ಅದರ ಗುಣಕಗಳೇ ಸದ್ದಿನ ಬುನಾದಿ. ಸೈಲೆನ್ಸರಿನೊಳಗಿನ ಕೋಣೆಗಳು ಶಬ್ದದ ಅಲೆಗಳನ್ನು ಹಿಂದಕ್ಕೆ ಮುಂದಕ್ಕೆ ಪ್ರತಿಫಲಿಸಿ ಒಂದರಿಂದೊಂದು ಕಳೆಯುವಂತೆ ಮಾಡುತ್ತವೆ. ಇದರ ಜೊತೆಗೆ ನಾರು ತುಂಬಿ ಮೇಲಿನ ಆವೃತ್ತಿಗಳನ್ನು ಹೀರಿಸುವುದೂ ಉಂಟು. ಗಾಳಿ ಎಳೆದುಕೊಳ್ಳುವ ಏರ್ ಫಿಲ್ಟರಿನ ಬಾಯಿ, ವಾಲ್ವುಗಳ ಟಕಟಕ, ತಣಿಸುವ ಫ್ಯಾನಿನ ಬೀಸು, ನಡುಗುವ ತಗಡುಗಳು ಉಳಿದ ಮೂಲಗಳು. ಹೊಗೆಕೊಳವೆಯ ಸದ್ದು ಇಳಿದೊಡನೆ ಅದುವರೆಗೆ ಅದರಡಿ ಮುಚ್ಚಿಹೋಗಿದ್ದ ಇವು ಕೇಳತೊಡಗುತ್ತವೆ.

ಮೂಲದಲ್ಲೇ ಸದ್ದು ತಗ್ಗಿಸಿದ ದೊಡ್ಡ ಬದಲಾವಣೆ ಇನ್ವರ್ಟರ್ ಜನರೇಟರ್. ಇದರಲ್ಲಿ ಆಲ್ಟರ್ನೇಟರಿನ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿ ಮಾಡಿ, ಬಳಿಕ ಎಲೆಕ್ಟ್ರಾನಿಕ್ ಮಂಡಲ 50 ಅಥವಾ 60 ಹರ್ಟ್ಸ್‌ನ ಪರ್ಯಾಯ ವಿದ್ಯುತ್ತಾಗಿ ರೂಪಿಸುತ್ತದೆ. ಎಂಜಿನ್ನಿನ ವೇಗಕ್ಕೂ ವಿದ್ಯುತ್ತಿನ ಆವೃತ್ತಿಗೂ ಇದ್ದ ಕಟ್ಟು ಬಿಚ್ಚಿಹೋಗುವುದರಿಂದ, ಹೊರೆ ಕಡಿಮೆಯಿದ್ದಾಗ ಎಂಜಿನ್ ನಿಧಾನಕ್ಕಿಳಿಯಬಹುದು. ಹೋಂಡಾ ಇಯು2200ಐ ಮಾದರಿಗೆ ತಯಾರಕರು ಕೊಟ್ಟ ಅಂಕಿ ಕಾಲು ಹೊರೆಯಲ್ಲಿ 48, ಪೂರ್ಣ ಹೊರೆಯಲ್ಲಿ 57 ಡೆಸಿಬೆಲ್. ಈ 9 ಡೆಸಿಬೆಲ್ ವ್ಯತ್ಯಾಸ ಪೂರ್ತಿ ಬಳಸುವವರ ಕೈಯಲ್ಲಿದೆ: ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಒಲೆ ಬಿಟ್ಟು ಅಡುಗೆಗೆ ಗ್ಯಾಸ್ ಬಳಸಿದರೆ ಎಂಜಿನ್ ತಗ್ಗಿದ ವೇಗದಲ್ಲೇ ಉಳಿಯುತ್ತದೆ. ಸಮನಾದ ಎರಡು ಯಂತ್ರಗಳನ್ನು ಕೂಡಿಸಿ ನಡೆಸಿದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. ಒಂದನ್ನು ಏದುಸಿರು ಬಿಡಿಸುವುದಕ್ಕಿಂತ ಎರಡನ್ನು ಅರ್ಧ ಹೊರೆಯಲ್ಲಿ ನಡೆಸುವುದು ಎಷ್ಟೋ ಸಲ ಮೇಲು.

ಕೊಳ್ಳುವಾಗ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಕಾಲು ಹೊರೆಯದು. ಭಾರತದ ಪರಿಸರ (ಸಂರಕ್ಷಣೆ) ನಿಯಮಗಳಡಿ ಪೆಟ್ರೋಲ್ ಮತ್ತು ಸೀಮೆಎಣ್ಣೆ ಜನರೇಟರುಗಳಿಗೆ ಇಟ್ಟ ಮಿತಿ 2002ರ ಸೆಪ್ಟೆಂಬರಿನಿಂದ 90, 2003ರ ಸೆಪ್ಟೆಂಬರಿನಿಂದ 86 ಡೆಸಿಬೆಲ್. ಇದು ಯಂತ್ರ ಹೊರಸೂಸುವ ಒಟ್ಟು ಶಬ್ದಶಕ್ತಿಯ ಮಟ್ಟವೇ ಹೊರತು ಒಂದು ದೂರದಲ್ಲಿ ನಿಂತು ಕೇಳುವ ಮಟ್ಟವಲ್ಲ. ಬಯಲು ನೆಲದಲ್ಲಿ 86 ಡೆಸಿಬೆಲ್ ಶಬ್ದಶಕ್ತಿಯ ಯಂತ್ರ 7 ಮೀಟರ್ ಆಚೆ ಸುಮಾರು 61 ಡೆಸಿಬೆಲ್ ಆಗಿ ಕೇಳುತ್ತದೆ. ಎರಡು ಬಗೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು.

ಇಡುವ ಜಾಗದಿಂದ ಸಿಗುವ ಲಾಭ ಎಲ್ಲಕ್ಕಿಂತ ಅಗ್ಗ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ: 7 ಮೀಟರಿನಲ್ಲಿ 57 ಇದ್ದದ್ದು 14 ಮೀಟರಿನಲ್ಲಿ 51, 28 ಮೀಟರಿನಲ್ಲಿ 45. ಬಂಡೆ, ಗೋಡೆ, ವಾಹನದ ಮೈ ಹಿಂದಿದ್ದರೆ ಪ್ರತಿಫಲನದಿಂದ ಎದುರಿನವರಿಗೆ 3 ಡೆಸಿಬೆಲ್‌ವರೆಗೆ ಏರುತ್ತದೆ, ಎರಡು ಗೋಡೆ ಕೂಡುವ ಮೂಲೆಯಾದರೆ 6. ಹುಲ್ಲು ಮತ್ತು ಸಡಿಲ ಮಣ್ಣು ಶಬ್ದವನ್ನು ಒಂದಿಷ್ಟು ಹೀರುತ್ತವೆ, ಹಾಸುಬಂಡೆ ಹೀರುವುದಿಲ್ಲ. ಆದರೆ ತರಗೆಲೆಯ ಮೇಲೆ ಯಂತ್ರ ಇಡಬಾರದು, ಕಾದ ಸೈಲೆನ್ಸರ್ ಬೆಂಕಿ ಹೊತ್ತಿಸಬಲ್ಲದು. ಗಾಳಿ ನೆಲದ ಬಳಿ ನಿಧಾನವಾಗಿ, ಮೇಲೆ ಜೋರಾಗಿ ಬೀಸುತ್ತದೆ. ಹಾಗಾಗಿ ಗಾಳಿಯ ಜೊತೆ ಸಾಗುವ ಶಬ್ದ ನೆಲದತ್ತ ಬಾಗುತ್ತದೆ, ಎದುರು ಸಾಗುವುದು ಮೇಲಕ್ಕೆ ಬಾಗಿ ಕೆಳಗೆ ಶಬ್ದದ ನೆರಳು ಬಿಡುತ್ತದೆ. ಗಾಳಿ ಡೇರೆಯ ಕಡೆಯಿಂದ ಯಂತ್ರದ ಕಡೆಗೆ ಬೀಸುವಂತೆ ಜಾಗ ಆರಿಸಿದರೆ ಸದ್ದೂ ಹೊಗೆಯೂ ಒಟ್ಟಿಗೆ ದೂರವಾಗುತ್ತವೆ. ಆ ದಿಕ್ಕಿನಲ್ಲಿ ಬೇರೆ ಡೇರೆಗಳಿಲ್ಲವೆಂದು ಮೊದಲು ನೋಡಿಕೊಳ್ಳಬೇಕು.

ರಾತ್ರಿಯ ಲೆಕ್ಕ ಬೇರೆ. ಸೂರ್ಯ ಮುಳುಗಿದ ಮೇಲೆ ನೆಲದ ಬಳಿಯ ಗಾಳಿ ಮೇಲಿನದಕ್ಕಿಂತ ಬೇಗ ತಣಿಯುತ್ತದೆ. ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ, ಬೆಚ್ಚನೆಯದರಲ್ಲಿ ವೇಗ. ಮೇಲೆ ಹೋಗಬೇಕಾದ ಶಬ್ದ ಆಗ ನೆಲಕ್ಕೆ ಮರಳಿ ಬಾಗುತ್ತದೆ. ಹಗಲು ಕೇಳಿಸದ ಯಂತ್ರ ಇರುಳಲ್ಲಿ ಕೆರೆಯ ಆಚೆ ದಡಕ್ಕೂ ಸ್ಪಷ್ಟವಾಗಿ ಕೇಳುವುದು ಹೀಗೆ. ಕೊಡಗು, ಚಿಕ್ಕಮಗಳೂರಿನಂಥ ಗುಡ್ಡಗಾಡಿನಲ್ಲಿ ಇರುಳಿನ ತಂಪು ಗಾಳಿ ಇಳಿಜಾರಿನುದ್ದಕ್ಕೂ ಕೆಳಗೆ ಹರಿಯುವುದರಿಂದ, ಡೇರೆಗಿಂತ ಮೇಲಿನ ದಿಣ್ಣೆಯಲ್ಲಿ ಯಂತ್ರ ಇಟ್ಟರೆ ಹೊಗೆಯೂ ಸದ್ದೂ ಮಲಗಿದವರ ಕಡೆಗೇ ಬರುತ್ತವೆ.

ದೂರ ಇಡಲು ಉದ್ದ ತಂತಿ ಬೇಕು, ತಂತಿ ದಪ್ಪವಿರಬೇಕು. 30 ಮೀಟರ್ ಉದ್ದದ, 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 8 ಆಂಪಿಯರ್ ಹರಿದರೆ ಸುಮಾರು 3.5 ವೋಲ್ಟ್ ನಷ್ಟ; 1 ಚದರ ಮಿ.ಮೀ. ತಂತಿಯಲ್ಲಿ 9 ವೋಲ್ಟಿನ ಹತ್ತಿರ ಬರುತ್ತದೆ, ತಂತಿಯೂ ಬಿಸಿಯಾಗುತ್ತದೆ. ಸುರುಳಿಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು.

ಸದ್ದಿನ ಪ್ರಶ್ನೆಗಿಂತ ಮುಂದೆ ನಿಲ್ಲುವುದು ಉಸಿರಿನ ಪ್ರಶ್ನೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರು ಎಚ್ಚರಗೊಳ್ಳದೆಯೇ ಸಾಯಬಹುದು. ಮನೆ, ಡೇರೆಗಳಿಂದ ಕನಿಷ್ಠ 20 ಅಡಿ, ಎಂದರೆ 6 ಮೀಟರ್ ದೂರ ಇಡಬೇಕೆಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗ ಹೇಳುತ್ತದೆ. ಮಳೆಯಿರಲಿ, ಚಳಿಯಿರಲಿ, ಸದ್ದು ಮುಚ್ಚಬೇಕೆಂಬ ಆಸೆಯಿರಲಿ, ಡೇರೆಯ ಮುಂಚಾಚಿನಡಿ ಅಥವಾ ವಾಹನದೊಳಗೆ ಯಂತ್ರ ನಡೆಸುವುದಕ್ಕೆ ಯಾವ ನೆಪವೂ ಇಲ್ಲ.

ಮರೆ ಕಟ್ಟುವುದು ನಂತರದ ಮಾತು. ಕೇಳುವವರಿಗೆ ಯಂತ್ರ ಕಾಣದಂತೆ ಅಡ್ಡ ನಿಂತ ಮರೆ ಮಾತ್ರ ಕೆಲಸ ಮಾಡುತ್ತದೆ. ಅದು ಯಂತ್ರದ ಹತ್ತಿರವಿದ್ದಷ್ಟೂ, ಭಾರವಿದ್ದಷ್ಟೂ ಒಳ್ಳೆಯದು. ದಪ್ಪ ಪ್ಲೈವುಡ್ ಹಲಗೆಗಳನ್ನು ಮೂರು ಕಡೆ ನಿಲ್ಲಿಸಿ, ಒಳಮೈಗೆ ಬೆಂಕಿ ಹಿಡಿಯದ ರಾಕ್‌ವುಲ್ ಹೊದಿಸಿ, ಮೇಲ್ಭಾಗವನ್ನೂ ಹೊಗೆಯ ದಿಕ್ಕನ್ನೂ ತೆರೆದಿಡುವುದು ಸಾಮಾನ್ಯ ರೀತಿ. ಟಾರ್ಪಾಲು, ಕಂಬಳಿಗಳ ಮರೆಗೆ ತೂಕವಿಲ್ಲದ ಕಾರಣ ಫಲವೂ ಇಲ್ಲ. ಹಲಗೆಯ ಮಿತಿ ಇರುವುದು ತರಂಗದೂರದಲ್ಲಿ: 1,000 ಹರ್ಟ್ಸ್ ಶಬ್ದದ ಅಲೆ 34 ಸೆಂ.ಮೀ., ಅದನ್ನು ಒಂದು ಮೀಟರ್ ಎತ್ತರದ ಹಲಗೆ ತಡೆಯುತ್ತದೆ. 100 ಹರ್ಟ್ಸ್‌ನ ಅಲೆ 3.4 ಮೀಟರ್, ಅದು ಹಲಗೆಯನ್ನು ಬಳಸಿಕೊಂಡು ದಾಟಿಬಿಡುತ್ತದೆ. ಟಕಟಕ ಅಡಗಿ ಗುಡುಗುಡು ಉಳಿಯುವುದು ಇದೇ ಕಾರಣಕ್ಕೆ.

ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯನ್ನು ಹಲವರು ಮೊದಲ ಉಪಾಯವೆಂದು ಹಿಡಿಯುತ್ತಾರೆ, ಅದು ಕೊನೆಯದಾಗಬೇಕು. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಗಾಳಿಯ ಹರಿವು ಸದಾ ಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ ಏರಿ ಎಂಜಿನ್ ಕೆಡುತ್ತದೆ, ಪೆಟ್ರೋಲಿನ ಆವಿ ಸೇರಿದರೆ ಬೆಂಕಿಯ ಅಪಾಯ ಬೇರೆ. ಗಾಳಿಗೆಂದು ತೂತು ಕೊರೆದರೆ ಸದ್ದು ಅಲ್ಲಿಂದಲೇ ಹೊರಬರುತ್ತದೆ. ಒಳಗೆ ಹೀರುವ ಹೊದಿಕೆಯುಳ್ಳ, ಅಂಕುಡೊಂಕಾದ ಗಾಳಿದಾರಿ ಮಾಡಿದರೆ ಮಾತ್ರ ಎರಡೂ ಸಾಧ್ಯ. ಹೊಗೆಕೊಳವೆಯ ತುದಿಯನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸುವ ರೂಢಿಯನ್ನಂತೂ ಬಿಡಬೇಕು. ಅದು ಎಂಜಿನ್ನಿಗೆ ಹಿಂದೊತ್ತಡ ಕೊಡುತ್ತದೆ, ಎಂಜಿನ್ ನಿಲ್ಲಿಸಿದಾಗ ಅದು ನೀರನ್ನು ಕೊಳವೆಯೊಳಕ್ಕೆ ಎಳೆದುಕೊಳ್ಳಲೂಬಹುದು. ಅಳತೆ ಹೊಂದದ ದೊಡ್ಡ ಸೈಲೆನ್ಸರ್ ಜೋಡಿಸಿದರೂ ಹಿಂದೊತ್ತಡದ ತೊಂದರೆ ತಪ್ಪದು.

ಕಂಪನವನ್ನು ತಡೆಯುವುದು ಸುಲಭ. ಲಾರಿಯ ತಳ, ಮರದ ಅಟ್ಟಣೆ, ತಗಡಿನ ಹಾಸು ಯಂತ್ರದ ನಡುಕವನ್ನು ಹಿಡಿದು ತಾವೇ ಮೊಳಗುತ್ತವೆ. ಮಟ್ಟಸವಾದ ಮಣ್ಣಿನ ನೆಲದಲ್ಲಿ ದಪ್ಪ ರಬ್ಬರ್ ಹಾಸಿನ ಮೇಲೆ ಇಟ್ಟರೆ ಈ ಭಾಗ ಬಹುತೇಕ ಹೋಗುತ್ತದೆ. ಸಡಿಲವಾದ ಬೋಲ್ಟು, ಸೈಲೆನ್ಸರಿನ ಸೋರುವ ಗ್ಯಾಸ್ಕೆಟ್, ಹೆಚ್ಚಿದ ವಾಲ್ವ್ ಅಂತರ ಇವು ಹಳೆಯ ಯಂತ್ರಗಳ ಸದ್ದನ್ನು ಏರಿಸುತ್ತವೆ.

ನಡೆಸುವ ಹೊತ್ತನ್ನೇ ಕಡಿಮೆ ಮಾಡುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. 10 ವ್ಯಾಟಿನ ಮೂರು ಎಲ್‌ಇಡಿ ದೀಪ ಐದು ಗಂಟೆ, 30 ವ್ಯಾಟಿನ ಫ್ಯಾನು ಎಂಟು ಗಂಟೆ, ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್: ಇಷ್ಟಕ್ಕೂ ಒಂದು ರಾತ್ರಿಗೆ ಸುಮಾರು 500 ವ್ಯಾಟ್-ಗಂಟೆ ಸಾಕು. 1 ಕಿಲೋವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿಯನ್ನು ಹಗಲು ಒಂದೆರಡು ಗಂಟೆ ಚಾರ್ಜು ಮಾಡಿಕೊಂಡರೆ ಇರುಳಿಡೀ ಎಂಜಿನ್ ಬೇಕಾಗುವುದಿಲ್ಲ.

ನಿಯಮಗಳೂ ಇದೇ ದಿಕ್ಕಿನಲ್ಲಿವೆ. ಭಾರತದ 2000ರ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿಯೆಂದು ಗಣಿಸಿ, ಆಗ ವಾಸದ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಇಟ್ಟಿವೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಯಂತ್ರಗಳ ಸದ್ದು 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರಬಾರದು. ಜನರೇಟರ್ ನಡೆಸುವ ವೇಳೆಯನ್ನು ಅಲ್ಲಿನ ಒಂದೊಂದು ಉದ್ಯಾನವೂ ತಾನೇ ಗೊತ್ತುಮಾಡುತ್ತದೆ. ಯೊಸೆಮಿಟಿಯಲ್ಲಿ ಬೆಳಿಗ್ಗೆ, ನಡುಮಧ್ಯಾಹ್ನ ಮತ್ತು ಸಂಜೆ ಎರಡೆರಡು ಗಂಟೆಯ ಅವಕಾಶ ಇಟ್ಟಿದ್ದಾರೆ.