ಸಿಂಧೂ ಬಯಲಿನ ಗುಂಡು ಗೋಧಿ

ಮೊಹೆಂಜೊದಾರೊ ಅಗೆದಾಗ ಚರಂಡಿ, ಮುದ್ರೆಗಳ ಜೊತೆಗೆ ಸುಟ್ಟು ಕರಕಲಾದ ಒಂದಿಷ್ಟು ಗೋಧಿಯೂ ಸಿಕ್ಕಿತ್ತು. ಜಾನ್ ಮಾರ್ಷಲ್ 1931ರಲ್ಲಿ ಹೊರತಂದ ಉತ್ಖನನ ವರದಿಯಲ್ಲಿ ಅದರ ಪ್ರಸ್ತಾಪವಿದೆ. ಕಾಳು ಗಿಡ್ಡ, ದುಂಡು. ಅಂಥದೇ ಗೋಧಿಯನ್ನು ಪಂಜಾಬಿನ ರೈತರು ಆಗಿನ್ನೂ ಬೆಳೆಯುತ್ತಿದ್ದರು. ಬ್ರಿಟಿಷ್ ಸಸ್ಯವಿಜ್ಞಾನಿ ಜಾನ್ ಪರ್ಸಿವಲ್ 1921ರಲ್ಲಷ್ಟೇ ಅದಕ್ಕೆ ಟ್ರಿಟಿಕಮ್ ಸ್ಫೀರೊಕಾಕಮ್ ಎಂದು ಹೆಸರಿಟ್ಟಿದ್ದರು. ಎರಡಕ್ಕೂ ನಂಟು ಕಟ್ಟುವುದು ಸಲೀಸಾಯಿತು.

ತುಸು ಅವಸರದ ನಂಟು ಅದು. ಬೆಂಕಿಗೆ ಸಿಕ್ಕ ಗೋಧಿ ಉಬ್ಬುತ್ತದೆ, ಉದ್ದದಲ್ಲಿ ಕುಗ್ಗುತ್ತದೆ. ಮಾಮೂಲಿ ಕಾಳೂ ದುಂಡಗೆ ಕಾಣುತ್ತದೆ. ಬರೀ ಆಕಾರ ನೋಡಿ ಜಾತಿ ಹೇಳಬಾರದೆಂದು ಈಗಿನ ತಜ್ಞರು ಎಚ್ಚರಿಸುತ್ತಾರೆ.

ಹೊಲದಲ್ಲಿ ನಿಂತ ಪೈರಿನ ವಿಷಯದಲ್ಲಿ ಈ ಗೊಂದಲವಿಲ್ಲ. ಗಿಡ ಕುಳ್ಳು, ದಂಟು ಗಟ್ಟಿ, ಎಲೆ ನೆಟ್ಟಗೆ, ತೆನೆ ಒತ್ತೊತ್ತು. ಕಾಳನ್ನು ಅಂಗೈಗೆ ಸುರಿದುಕೊಂಡರೆ ಜೋಳ ನೆನಪಾಗುತ್ತದೆ. ಹೊಟ್ಟೆಯ ಸೀಳೂ ಅಷ್ಟು ಆಳವಿಲ್ಲ. ಇಷ್ಟೂ ಒಂದೇ ಜೀನಿನ ಕೈವಾಡ. 3ಡಿ ವರ್ಣತಂತುವಿನಲ್ಲಿರುವ ಆ ಜೀನನ್ನು 2020ರಲ್ಲಿ ಚೀನಾದ ವಿಜ್ಞಾನಿಗಳು ಕರಾರುವಾಕ್ಕಾಗಿ ಗುರುತಿಸಿದರು. ಬ್ರಾಸಿನೊಸ್ಟೆರಾಯ್ಡ್ ಎಂಬ ಹಾರ್ಮೋನು ಸಸ್ಯದ ಕೋಶಗಳನ್ನು ಬೆಳೆಸುತ್ತದೆ. ಈ ಜೀನಿನಿಂದ ತಯಾರಾಗುವ ಪ್ರೊಟೀನು ಅದಕ್ಕೆ ತಡೆ ಒಡ್ಡುತ್ತದೆ. ಗುಂಡು ಗೋಧಿಯ ಪ್ರೊಟೀನಿನಲ್ಲಿ ಬದಲಾದದ್ದು ಒಂದೇ ಒಂದು ಅಮೈನೊ ಆಮ್ಲ. ಅಷ್ಟಕ್ಕೇ ತಡೆ ಬಿಗಿಯಾಯಿತು. ದಂಟೂ ನೀಳವಾಗಲಿಲ್ಲ, ಕಾಳೂ ಆಗಲಿಲ್ಲ.

ಇದೇ ಅದಕ್ಕೆ ಮುಳುವಾಯಿತೆನ್ನಬೇಕು. 1966ರಲ್ಲಿ ಭಾರತ ಕುಳ್ಳು ತಳಿಗಳಿಗಾಗಿ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ತರಿಸಿತು. ಕುಳ್ಳು ಗೋಧಿ ನಮ್ಮಲ್ಲೇ ಇತ್ತಲ್ಲ? ಇತ್ತು. ಆದರೆ ಅದರಲ್ಲಿ ದಂಟಿನ ಜೊತೆ ಕಾಳೂ ಮೊಟಕಾಗಿತ್ತು. ಮೆಕ್ಸಿಕೊ ತಳಿಗಳ ಕುಳ್ಳುತನ ಜಪಾನಿನ ನೋರಿನ್ 10 ಎಂಬ ಗೋಧಿಯಿಂದ ಬಂದದ್ದು. ಅದರ ಜೀನುಗಳು ಜಿಬ್ಬರೆಲಿನ್ ಎಂಬ ಬೇರೊಂದು ಹಾರ್ಮೋನಿನ ಮಾತಿಗೆ ಗಿಡ ಕಿವಿಗೊಡದಂತೆ ಮಾಡುತ್ತವೆ. ದಂಟು ಮೋಟಾದರೂ ತೆನೆಯಲ್ಲಿ ಕಾಳು ಹೆಚ್ಚುತ್ತಿತ್ತು, ಗೊಬ್ಬರ ಸುರಿದರೂ ಪೈರು ಮಲಗುತ್ತಿರಲಿಲ್ಲ. ಸೊನೊರಾ 64ರಂಥ ತಳಿಗಳ ಮುಂದೆ ಗುಂಡು ಗೋಧಿ ನಿಲ್ಲಲಿಲ್ಲ.

ಈಗ ಅದು ‘ಸೋನಾ ಮೋತಿ’, ‘ಪೈಗಂಬರಿ’ ಎಂಬ ಹೆಸರುಗಳಲ್ಲಿ ಮತ್ತೆ ಪೇಟೆಗೆ ಬಂದಿದೆ, ಮಾಮೂಲಿ ಗೋಧಿಗಿಂತ ದುಬಾರಿ ಬೆಲೆಗೆ. ಸಿಂಧೂ ನಾಗರಿಕತೆಯ ಹೆಸರೂ ಜಾಹೀರಾತಿನಲ್ಲಿರುತ್ತದೆ. ಗ್ಲುಟೆನ್ ಒಗ್ಗದವರು ಮಾತ್ರ ಹುಷಾರಾಗಿರಬೇಕು: ಇದೂ ಬ್ರೆಡ್ ಗೋಧಿಯ ವಂಶದ್ದೇ, ಗ್ಲುಟೆನ್ ಇದರಲ್ಲೂ ಇದೆ.