ಪತ್ತು ಅಳೆದ ಬಗೆ

'ಪತ್ತು' ಎಂಬ ಮಾತು ಈಗ ಸಹಕಾರ ಸಂಘಗಳ ನಾಮಫಲಕದಲ್ಲಷ್ಟೇ ಕಾಣಸಿಗುತ್ತದೆ. ಸಾಲ ತೀರಿಸುತ್ತಾನೆಂದು ಒಬ್ಬನ ಮೇಲೆ ಇಡುವ ನಂಬಿಕೆಯೇ ಪತ್ತು. ಹಲವು ಬ್ಯಾಂಕುಗಳ ಬಡ್ಡಿದರವನ್ನು ಹೋಲಿಸಿ ತೋರಿಸುವ ಅಂತರ್ಜಾಲ ತಾಣಗಳಲ್ಲಿ ವೈಯಕ್ತಿಕ ಸಾಲಕ್ಕೆ ಅರ್ಜಿ ತುಂಬುವಾಗ ಪ್ಯಾನ್ ಸಂಖ್ಯೆ, ಸಂಬಳ, ಕೆಲಸದ ವಿವರ ಕೇಳುವುದು ಇದನ್ನು ಅಳೆಯಲೆಂದೇ. ಅಡಮಾನವಿಲ್ಲದ ಸಾಲಕ್ಕೆ ಬೇರೆ ಆಧಾರವಾದರೂ ಏನಿದೆ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮಸಮ್ಮತ ಬಡ್ಡಿ. ವರ್ಷಕ್ಕೆ ಶೇ 15. ವ್ಯಾಪಾರಕ್ಕಾದರೆ ಐದು ಪಣ, ಕಾಡುದಾರಿಯಲ್ಲಿ ಸಾಗುವವರಿಗೆ ಹತ್ತು, ಸಮುದ್ರಯಾನಿಗಳಿಗೆ ಇಪ್ಪತ್ತು. ಗಂಡಾಂತರ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ಒಂದೇ ಬ್ಯಾಂಕು ಇಬ್ಬರಿಗೆ ಎರಡು ದರ ಹೇಳಿದಾಗ ಬೇಸರಪಡುವ ನಾವು ಇದನ್ನು ನೆನೆಯಬಹುದು.

ಹಳ್ಳಿಯ ಸಾಹುಕಾರನಿಗೆ ಇಂಥ ಲೆಕ್ಕ ಬೇಕಿರಲಿಲ್ಲ. ರೈತನ ಹೊಲ, ಎತ್ತು, ಮನೆಯ ಕಷ್ಟ ಎಲ್ಲವೂ ಅವನಿಗೆ ಗೊತ್ತು. ಪತ್ರದಲ್ಲಿ ಬರೆದದ್ದೇನೆಂಬುದು ಮಾತ್ರ ಹೆಬ್ಬೆಟ್ಟು ಒತ್ತಿದ ರೈತನಿಗೆ ಗೊತ್ತಿರಲಿಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಎಂಬಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಸಾಲಪತ್ರಗಳನ್ನು ಸುಟ್ಟರು. ಗಲಭೆ ಸುತ್ತಲಿನ ಊರುಗಳಿಗೂ ಅಹಮದ್‌ನಗರ ಜಿಲ್ಲೆಗೂ ಹಬ್ಬಿತು. ಇದರ ಫಲವಾಗಿ ಬಂದ 1879ರ ದಖನ್ ಕೃಷಿಕರ ಪರಿಹಾರ ಕಾಯ್ದೆ, ಪತ್ರದ ಹಿಂದಿನ ನಿಜವಾದ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಕಟ್ಟಿದ ಹಣಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕಪತ್ರ ಕೇಳುವ ಹಕ್ಕು ರೈತನದಾಯಿತು.

ಕಾಯ್ದೆಯೇನೋ ಬಂತು, ಅಗ್ಗದ ಸಾಲ ಬರಲಿಲ್ಲ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನಲ್ಲಿ ಅಧ್ಯಯನ ನಡೆಸಿ, ಜರ್ಮನಿಯ ರೈಫೈಸನ್ ಕಟ್ಟಿದಂಥ ಗ್ರಾಮ ಸಂಘಗಳೇ ದಾರಿಯೆಂದು ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಯಾಯಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಹೆಗ್ಗಳಿಕೆ ಅದರದು. ಗ್ರಾಮ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ತಪ್ಪಿದರೆ ಉಳಿದವರು ತೆರಬೇಕು. ಹೀಗಾಗಿ ಯಾರಿಗೆ ಎಷ್ಟು ಕೊಡಬಹುದೆಂದು ನೆರೆಹೊರೆಯವರೇ ತೂಗಿ ನೋಡುತ್ತಿದ್ದರು. ಸಾಹುಕಾರನಿಗಿದ್ದ ಊರಿನ ತಿಳಿವಳಿಕೆಯನ್ನೇ ಸಂಘ ಸಾಲಗಾರನ ಪರವಾಗಿ ಬಳಸಿತು ಎನ್ನಬಹುದು.

ನಗರದ ಬ್ಯಾಂಕಿಗೆ ನೆರೆಹೊರೆಯೆಂಬುದಿಲ್ಲ. ಆ ಕೊರತೆ ತುಂಬಲು ಸಿಬಿಲ್ ಸಂಸ್ಥೆ 2000ರಲ್ಲಿ ಆರಂಭವಾಯಿತು. ಹಳೆಯ ಸಾಲಗಳ ಕಂತು ಕಟ್ಟಿದ ರೀತಿಯನ್ನು ನೋಡಿ 300ರಿಂದ 900ರವರೆಗಿನ ಅಂಕ ಕೊಡುವುದು ಇದರ ಕ್ರಮ. ಹಿಂದೆ ಸಾಲವನ್ನೇ ಮಾಡದವನಿಗೆ ಇಲ್ಲಿ ಪತ್ತೂ ಇಲ್ಲ ಎಂಬುದು ವಿಚಿತ್ರ. ಸಿಕ್ಕಸಿಕ್ಕ ಕಡೆ ಅರ್ಜಿ ಹಾಕಿದರೂ ಅಂಕ ಇಳಿಯಬಹುದು. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಇಳಿಯದು. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿಯೇ ಸಿಗುತ್ತದೆ.

ಇನ್ನು ಬಡ್ಡಿಯ ಮಾತು. 'ನೂರಕ್ಕೆ ಒಂದು ರೂಪಾಯಿ' ಎಂದರೆ ವರ್ಷಕ್ಕೆ ಶೇ 12 ಎಂಬುದು ಹಳ್ಳಿಯ ಲೆಕ್ಕ. ಆದರೆ ಒಂದು ಲಕ್ಷಕ್ಕೆ ಹೀಗೆ 12,000 ಬಡ್ಡಿ ಸೇರಿಸಿ ಹನ್ನೆರಡು ಸಮ ಕಂತು ಮಾಡಿದರೆ, ಅಸಲು ತಿಂಗಳು ತಿಂಗಳು ಕರಗುವುದರಿಂದ ನಿಜವಾದ ದರ ಶೇ 21ನ್ನು ದಾಟುತ್ತದೆ. ಅರ್ಜಿ ಶುಲ್ಕ ಬೇರೆ. ಎಲ್ಲವನ್ನೂ ಸೇರಿಸಿದ ವಾರ್ಷಿಕ ದರವನ್ನು ಒಂದೇ ಹಾಳೆಯಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಡಿಜಿಟಲ್ ಸಾಲಗಳಿಗೆ ನಿಯಮ ಮಾಡಿತು. ಹಲವು ಸಂಸ್ಥೆಗಳ ಸಾಲ ತೋರಿಸುವ ಮಧ್ಯವರ್ತಿಗಳು ಯಾರ ಪರವೂ ವಾಲದೆ ಸಾಲದಾತನ ಹೆಸರು, ಮೊತ್ತ, ಅವಧಿ, ಈ ದರ, ತಿಂಗಳ ಕಂತು ಎಲ್ಲವನ್ನೂ ಮುಂದಿಡಬೇಕೆಂಬ 2025ರ ನಿಯಮ ಅದೇ ವರ್ಷದ ನವೆಂಬರ್ 1ರಿಂದ ಅನ್ವಯಿಸಿತು. ಆ ಹಾಳೆಯಲ್ಲಿ ಬರೆಯದ ಶುಲ್ಕವನ್ನು ಸಾಲಗಾರನಿಂದ ವಸೂಲು ಮಾಡುವಂತಿಲ್ಲ.